ಕಳ್ಳರ ಶಾಸ್ತ್ರ ಅಲ್ಲ, ನಮ್ಮ ಮನಿ ಶಾಸ್ತ್ರ

ಹೋದ ರವಿವಾರ ನಮ್ಮ ನಾದಿನಿ ಮಗಳ ಕುಬಸ ಇತ್ತು. ನಿಮ್ಮೊಳಗ ಭಾಳ ಮಂದಿ ಬಂದಿದ್ರಿ. ಮಾದ್ಲಿ ಛೊಲೋ ಆಗಿತ್ತು, ಅದನ್ನ ಹೆಂಗ ಮಾಡಿದ್ರು ಅಂತ ಇನ್ನೊಮ್ಮೆ ಬರೀತೀನಿ. ಇವತ್ತು ಬರೀಬೇಕಾಗಿದ್ದು ಊಟ ಆದಮ್ಯಾಲೆ ನಡದ ಮಾತಿನ ಬಗ್ಗೆ. ಎಲಿ-ಅಡಿಕಿ ಹಾಕ್ಕೋತ ಜಮಖಾನಿ ಮ್ಯಾಲೆ ಕೂತಿದ್ವಿ. ನಮ್ಮ ತಂಗಿ ಮಗಳ ಸುದ್ದಿ ಬಂತು.

ಆಕಿ ಡಿಗ್ರಿ ಮುಗಿಸ್ಯಾಳ. ಮುಂದ ಇಲ್ಲೇ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಾಗ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ಅಂತ ವಿಭಾಗ ಅದ ಅಲ್ಲಾ, ಅಲ್ಲಿ ಓದತೀನಿ ಅಂತ ಪಟ್ಟು ಹಿಡದಾಳ. ಅಷ್ಟ ಹೇಳಿದ್ದಕ್ಕ ಏನೇನು ಮಾತು ಬಂತು ನೆನಪದ ಇಲ್ಲೋ ನಿಮಗ? ಒಬ್ರು, “ಕಳ್ಳರದು, ಕೊಲಿಗಡುಕರದು ಓದಿ ಏನ್ ಮಾಡ್ತಾಳ?” ಅಂದ್ರು. ಇನ್ನೊಬ್ರು, “ಜೇಲಿಗೆ ಕರಕೊಂಡ ಹೋಗ್ತಾರಂತ, ಹೆಣಾ ತೋರಸ್ತಾರಂತ” ಅಂದ್ರು. ಕಡೀಕ ಗದಗಿನ ಕಾಕು, “ಯಾವ ಅತ್ತಿ ಇಂಥಾ ಸೊಸಿನ್ನ ಮನಿ ತುಂಬಿಸ್ಕೋತಾಳ? ದಿನಾ ಅಡಗಿಮನ್ಯಾಗ ತನಿಖಿ ಮಾಡ್ಯಾಳು!” ಅಂದ್ಲು. ಎಲ್ಲಾರೂ ನಕ್ಕಿರಿ. ನಾನೂ ನಕ್ಕೆ. ಹುಡುಗಿ ಮಾತ್ರ ನಗಲಿಲ್ಲ. ಎದ್ದು ಹೋಗಿ ಪಾತ್ರಿ ತಿಕ್ಕಲಿಕ್ಕೆ ಕೂತ್ಲು.

ಅವತ್ತು ರಾತ್ರಿ ನನಗ ನಿದ್ದಿ ಬರಲಿಲ್ಲ. ಅದಕ್ಕ ಇದನ್ನ ಬರೀಲಿಕತ್ತೀನಿ. ಸಿಟ್ಟ ಮಾಡಕೋಬ್ಯಾಡ್ರಿ ಅಂತ ಹೇಳೂದಿಲ್ಲ. ಮಾಡಕೋರಿ, ಆದ್ರ ಪೂರ್ತಿ ಓದಿ ಮಾಡಕೋರಿ.

ಮೊದಲನೇ ಮಾತು. ರಾತ್ರಿ ಹತ್ತಕ್ಕ ಟಿವಿಯೊಳಗ ಕ್ರೈಮ್ ಕಾರ್ಯಕ್ರಮ ಹಚ್ಚಿ, ಚುರಮರಿ ತಿನ್ನಕೋತ, “ಅಯ್ಯ ಶಿವನ, ಹೆಂಗ ಕೊಂದಾನ ನೋಡ್ರಿ” ಅಂತ ನೋಡೋರು ಯಾರು? ನಾವ. ಯಾವ ಊರಾಗ ಯಾವ ಹೆಂಡ್ತಿ ಏನ್ ಮಾಡಿದ್ಲು, ಯಾವ ಗಂಡ ಡ್ರಮ್ಮಿನಾಗ ಏನ್ ಹಾಕಿದ ಅನ್ನೂದು ನಮಗ ಬಾಯಿಪಾಠ. ಅದನ್ನ ನೋಡಿದ್ರ ಮರ್ಯಾದಿ ಹೋಗೂದಿಲ್ಲ. ಅದ ವಿಷಯ ಒಂದು ಹುಡುಗಿ ಪುಸ್ತಕ ಹಿಡದು, ಮಾಸ್ತರ ಮುಂದ ಕೂತು, ಯಾಕ ಹಿಂಗಾಗ್ತದ, ಹೆಂಗ ತಡೀಬೇಕು ಅಂತ ಓದಿದ್ರ ಮರ್ಯಾದಿ ಹೋಗ್ತದ. ಇದು ಯಾವ ನ್ಯಾಯಾ?

ಈ ಓದಿನಾಗ ಏನಿರ್ತದ ಅಂತ ನನಗೂ ಗೊತ್ತಿರಲಿಲ್ಲ. ನಂದು ಪಿಯುಸಿ, ಅದೂ ಆರ್ಟ್ಸ್. ಹುಡುಗಿ ಕಡೆಯಿಂದ ಪುಸ್ತಕ ಇಸಗೊಂಡು, ಚಾಳೀಸ ಹಾಕ್ಕೊಂಡು, ಗೊತ್ತಾಗಲಾರದ್ದು ಆಕಿನ್ನ ಕೇಳಿ ಓದೀನಿ. ಎರಡು ತೆಕ್ಕಿ ಇದ್ಧಂಗ ಅದ ಅದು. ಒಂದು, ಮನಷ್ಯಾ ಯಾಕ ತಪ್ಪು ಮಾಡ್ತಾನ, ಶಿಕ್ಷಾ ಕೊಟ್ರ ಸುಧಾರಸ್ತಾನೋ ಇಲ್ಲೋ, ಜೇಲು ಹೆಂಗ ನಡೀಬೇಕು, ಸಣ್ಣ ಹುಡುಗರು ತಪ್ಪು ಮಾಡಿದ್ರ ಏನು, ಪೆಟ್ಟು ತಿಂದವರ ಗತಿ ಏನು. ಈ ಕಡೀದಕ್ಕ ವಿಕ್ಟಿಮಾಲಜಿ ಅಂತಾರ. ಇನ್ನೊಂದು ಪ್ರಯೋಗಶಾಲಾ ಕೆಲಸ. ಬೆರಳಚ್ಚು, ರಕ್ತ, ವಿಷ, ಸಹಿ ಖರೇದೋ ಖೊಟ್ಟಿನೋ ಅನ್ನೂದು. ಬೆರಳಚ್ಚಿನ ದಫ್ತರ ಜಗತ್ತಿನಾಗ ಎಲ್ಲಾಕಿಂತ ಮೊದಲ ಶುರು ಆಗಿದ್ದು ನಮ್ಮ ದೇಶದಾಗಂತ, 1897ರಾಗ, ಕಲ್ಕತ್ತಾದೊಳಗ. ನಾವು ಅದನ್ನ ಲಂಡನ್ನಿನ ವಿದ್ಯಾ ಅಂದ್ಕೊಂಡಿದ್ವಿ.

ರಕ್ತದ್ದೊಂದು ಮಾತು ಹೇಳಬೇಕು. ಬಟ್ಟಿಗೆ ರಕ್ತ ಹತ್ತಿದ್ರ ಬಿಸಿನೀರಿಗೆ ಹಾಕಬಾರ್ದು, ತಣ್ಣೀರಾಗ ನೆನಿ ಇಡಬೇಕು, ಬಿಸಿನೀರು ಬಿದ್ರ ಕಲಿ ಕೂತ ಬಿಡ್ತದ. ಇದನ್ನ ನಮಗ ಯಾವ ಪ್ರೊಫೆಸರೂ ಹೇಳಿಕೊಟ್ಟಿಲ್ಲ. ಹನ್ನೆರಡು-ಹದಿಮೂರು ವಯಸ್ಸಿನಾಗ ಅವ್ವ ಬಚ್ಚಲದಾಗ ಸಣ್ಣ ದನಿಲೇ ಹೇಳಿಕೊಟ್ಟಿದ್ದು. ಹುಡುಗಿ ಪುಸ್ತಕದಾಗ ಅದರ ಕಾರಣ ಅದ. ರಕ್ತದಾಗಿನ ಪ್ರೋಟೀನು ಬಿಸಿಗೆ ತತ್ತಿ ಗಟ್ಟಿ ಆಧಂಗ ಗಟ್ಟಿ ಆಗ್ತದಂತ. ಮತ್ತ ನಾವು ತೊಳದು ಸ್ವಚ್ಛ ಆತು ಅಂದ್ಕೊಂಡ ಜಾಗಾದಾಗೂ ಲುಮಿನಾಲ್ ಅನ್ನೂ ಔಷಧ ಹೊಡದು ಕತ್ತಲಿ ಮಾಡಿದ್ರ ಎಷ್ಟೋ ಸಲ ನೀಲಿ ಬೆಳಕು ಕಾಣ್ತದಂತ. ಅಂದ್ರ ಯಾವುದಕ್ಕ ಯಾವ ಕಲಿ, ಯಾವುದು ಹೋಗ್ತದ, ಯಾವುದು ಉಳೀತದ ಅನ್ನೂದರ ಅರ್ಧಾ ವಿದ್ಯಾ ನಮ್ಮ ಕೈಯಾಗ ಮೊದಲ ಅದ. ಹೆಣ್ಣಮಕ್ಕಳಿಗೆ ಹೊಂದೂದಿಲ್ಲ ಅಂತೀರಿ. ಇದಕ್ಕಿಂತ ಹೊಂದೂದು ಯಾವುದು, ಹೇಳ್ರಿ?

ರುಕ್ಮಣಿ ಕೃಷ್ಣಮೂರ್ತಿ ಅಂತ ಒಬ್ಬ ಬಾಯಾರು ಮುಂಬೈಯ ವಿಧಿವಿಜ್ಞಾನ ಪ್ರಯೋಗಾಲಯಕ್ಕ ಕೆಲಸಕ್ಕ ಸೇರಿ, ಮುಂದ ಮಹಾರಾಷ್ಟ್ರದ ಅಂಥಾ ಲ್ಯಾಬುಗಳಿಗೆಲ್ಲಾ ನಿರ್ದೇಶಕಿ ಆಗಿದ್ರು. 1993ರ ಮುಂಬೈ ಬಾಂಬ್ ಸ್ಫೋಟದ ಪರೀಕ್ಷಾದಾಗ ಅವರ ಕೆಲಸ ಅದ. ನಮ್ಮ ರಾಜ್ಯದಾಗ 2017ರಾಗ ನೀಲಮಣಿ ರಾಜು ಅವರು ಪೊಲೀಸ್ ಇಲಾಖೆಗೇ ಮುಖ್ಯಸ್ಥರಾದ್ರು. ಅವರ ಮನಿ ಮಂದಿನೂ ಎಲಿ-ಅಡಿಕಿ ಹಾಕ್ಕೋತ ಹಿಂಗ ನಕ್ಕಿದ್ರ?

ಈಗ “ಕಳ್ಳರ ಶಾಸ್ತ್ರ” ಅನ್ನೂ ಮಾತಿಗೆ ಬರ್ತೀನಿ. ಈ ಮಾತಿನ ಹಿಂದ ನಮ್ಮದೊಂದು ನಂಬಿಕಿ ಅದ. ಕಳ್ಳರು ಅನ್ನೋರು ಬ್ಯಾರೆ ಜಾತಿ, ಬ್ಯಾರೆ ಓಣಿ, ಅವರ ಮಾರಿ ನೋಡಿದ್ರ ಗೊತ್ತಾಗ್ತದ, ನಮ್ಮಂಥಾ ಮನಿತನದವ್ರಿಗೂ ಅದಕ್ಕೂ ಸಂಬಂಧ ಇಲ್ಲ ಅಂತ. ಇಂಥಾ ಶಾಣ್ಯಾತನ ಈ ಶಾಸ್ತ್ರ ಶುರು ಮಾಡಿದವ್ರೂ ಮಾಡ್ಯಾರ. ಲೊಂಬ್ರೋಸೊ ಅಂತ ಇಟಲಿ ಡಾಕ್ಟರ ಒಬ್ಬಾವ ಕೈದಿಗಳ ತಲಿಬುರಡಿ, ದವಡಿ, ಕಿವಿ ಅಳದು, ಅಪರಾಧಿ ಹುಟ್ಟತನ ಅಪರಾಧಿ ಇರ್ತಾನ ಅಂತ 1876ರಾಗ ಪುಸ್ತಕ ಬರದ. ಅದು ತಪ್ಪು ಅಂತ ಈಗ ವಿದ್ಯಾರ್ಥಿಗಳಿಗೆ ಕಲಸ್ತಾರ. ಆದ್ರ ಅವನ ಪುಸ್ತಕ ಬರೂದಕ್ಕೂ ಮೊದಲ, 1871ರಾಗ, ನಮ್ಮ ದೇಶದಾಗ ಇಂಗ್ರೇಜಿಯವ್ರು ಒಂದು ಕಾಯ್ದೆ ತಂದಿದ್ರು. ಇಂತಿಂಥಾ ಜನಾಂಗದವ್ರೆಲ್ಲಾ ಹುಟ್ಟ ಅಪರಾಧಿಗಳು ಅಂತ ಪಟ್ಟಿ. ಹಡದ ಕೂಸೂ ಆ ಪಟ್ಟಿ ಮನಿತನದಾಗಿಂದ. ಹೆಸರು ಹಚ್ಚಬೇಕು, ಹಾಜರಿ ಕೊಡಬೇಕು, ಕೇಳಲಾರದ ಊರ ಬಿಡಂಗಿಲ್ಲ. ಆ ಕಾಯ್ದೆ ಮುಂದ ನಮ್ಮ ಕಡೆಗೂ ಬಂತು.

ಹುಬ್ಬಳ್ಳಿಯಾಗ ಸೆಟ್ಲಮೆಂಟ್ ಅಂತ ಓಣಿ ಅದ ಅಲ್ಲಾ, ಆಟೋದವನಿಗೂ ಹಂಗ ಹೇಳ್ತೀವಿ. ಆ ಹೆಸರು ಯಾಕ ಬಂತು ಅಂತ ನಿಮ್ಮೊಳಗ ಯಾರಿಗರೆ ಗೊತ್ತಿತ್ತ? ಐವತ್ತು ವರ್ಷ ದಾಟಿದ್ರೂ ನನಗ ಗೊತ್ತಿರಲಿಲ್ಲ. ಆ ಕಾಯ್ದೆ ಪ್ರಕಾರ ಜನರನ್ನ ತಂದು ಇರಿಸಿದ ಜಾಗಾ ಅದು. 1952ರಾಗ ಕಾಯ್ದೆ ರದ್ದಾತು. ಪಟ್ಟಿಯೊಳಗಿನವ್ರಿಗೆ ವಿಮುಕ್ತರು ಅಂದ್ರು. ಕಾಗದದ ಮ್ಯಾಲಷ್ಟ ಬಿಡಗಡಿ. ನಮ್ಮ ಬಾಯಾಗ ಇನ್ನೂ ಆ ಕಾಯ್ದೆ ನಡೀಲಿಕತ್ತದ. “ಆ ಕಡಿಯಾಕಿ ಕೆಲಸಕ್ಕ ಬ್ಯಾಡ” ಅಂತ ನೀವೂ ಅಂದೀರಿ, ನಾನೂ ಅಂದೀನಿ.

ಅಂದೀನಿ ಅಂದ್ರ, ಬರೇ ಅಂದಿಲ್ಲ, ಮಾಡೀನಿ. ಒಂಬತ್ತು ವರ್ಷದ ಹಿಂದ ನನ್ನ ಬೆಂಡೋಲಿ ಒಂದು ಕಾಣಸಲಿಲ್ಲ. ಪಾತ್ರಿ ತಿಕ್ಕೋ ಹೆಣ್ಣಮಗಳ ಮ್ಯಾಲೆ ಸಂಶಯಾ. ಆಕಿ ಮಾರಿ ನೋಡಿ ನಿರ್ಧಾರ ಮಾಡಿದ್ದೆ, ಥೇಟ ಲೊಂಬ್ರೋಸೊನ ಗತೆ. ಬೈದಿಲ್ಲ, ಪೊಲೀಸರ ಕರದಿಲ್ಲ, “ನಾಳಿಂದ ಬರಬ್ಯಾಡ” ಅಂದೆ ಅಷ್ಟ. ಯಾಕ ಅಂತ ಆಕಿ ಕೇಳಲಿಲ್ಲ. ಆಕಿಗೆ ಗೊತ್ತಾಗಿತ್ತು. ಎರಡು ತಿಂಗಳ ಮ್ಯಾಲೆ ಗಾದಿ ಹೊಲಿಗಿ ಬಿಚ್ಚಿ ಅಳ್ಳಿ ಹಿಂಜಸಬೇಕಾದ್ರ ಬೆಂಡೋಲಿ ಅದರಾಗಿಂದ ಬಿತ್ತು. ಆಕಿನ್ನ ಹುಡುಕ್ಕೊಂಡು ಹೋದೆ, ಮನಿ ಬದಲಿ ಮಾಡಿದ್ರು. ಆ ಬೆಂಡೋಲಿ ಇವತ್ತಿಗೂ ನಾನು ಹಾಕ್ಕೊಳ್ಳೂದಿಲ್ಲ. ಈಗ ಹೇಳ್ರಿ, ಅವತ್ತು ನಮ್ಮ ಮನ್ಯಾಗ ತಪ್ಪು ಮಾಡಿದವ್ರು ಯಾರು?

ಜೇಲಿನ ಬಗ್ಗೆ ಒಂದ ಮಾತು ಹೇಳಿ ಮುಂದ ಹೋಗ್ತೀನಿ. ನಮ್ಮ ದೇಶದ ಜೇಲಿನಾಗ ಇರೋ ನಾಲ್ಕು ಮಂದಿಯೊಳಗ ಹೆಚ್ಚು ಕಡಿಮಿ ಮೂರು ಮಂದಿ ಇನ್ನೂ ವಿಚಾರಣಾ ಮುಗೀಲಾರದವ್ರು. ತಪ್ಪು ಮಾಡ್ಯಾರ ಅಂತ ಕೋರ್ಟು ಇನ್ನೂ ಹೇಳಿಲ್ಲ. ನಮ್ಮ ಹುಡುಗಿ ಜೇಲು ನೋಡಲಿಕ್ಕೆ ಹೋದ್ರ ಏನಾಗ್ತದ? ಅಲ್ಲಿನೂ ಯಾರದೋ ಅವ್ವ, ಯಾರದೋ ತಂಗಿ ಇರ್ತಾರ.

ಹಂಗಾದ್ರ ಅಪರಾಧ ಎಲ್ಲಿರ್ತದ? ಸರಕಾರದ ಎನ್‌ಸಿಆರ್‌ಬಿ ವರ್ಷಾ ಲೆಕ್ಕ ಹಾಕಿ ವರದಿ ಕೊಡ್ತದ. 2022ರಾಗ ಹೆಣ್ಣಮಕ್ಕಳ ಮ್ಯಾಲಿನ ಅಪರಾಧ ಅಂತ ದೇಶದಾಗ ದಾಖಲಾಗಿದ್ದು 4,45,256 ಕೇಸು. ಅದರಾಗ ಎಲ್ಲಾಕಿಂತ ದೊಡ್ಡ ಪಾಲು ಯಾವುದು ಅಂತೀರಿ? ರಾತ್ರಿ ರಸ್ತಾದಾಗ ಹೋಗೂದಲ್ಲ, ಬಸ್ಸಿನಾಗಿಂದಲ್ಲ. ಗಂಡ, ಗಂಡನ ಮನಿಯವ್ರ ಕ್ರೌರ್ಯ. ನೂರಕ್ಕ ಮೂವತ್ತೊಂದು. ಅತ್ಯಾಚಾರದ ಕೇಸು ತಗೊಂಡ್ರ ನೂರಕ್ಕ ತೊಂಬತ್ತೈದಕ್ಕಿಂತ ಹೆಚ್ಚಿನವುದ್ರಾಗ ಮಾಡಿದಾವ ಗುರುತಿನಾವ. ಸಂಜಿ ಆರಕ್ಕ ಮನಿ ಒಳಗ ಬಾ ಅಂತ ಹುಡುಗ್ಯಾರಿಗೆ ಒದರತೀವಿ. ಒಳಗ ಏನ್ ಅದ ಅಂತ ನೋಡಲಾರದ ಒದರತೀವಿ.

ಇನ್ನ ಮುಂದಿಂದು ಬರೀಲಿಕ್ಕೆ ನನಗ ಸ್ವಲ್ಪ ತ್ರಾಸ ಆಗ್ತದ. ಮೂವತ್ತು ವರ್ಷದಾಗ ನಮ್ಮ ಮನಿಯವ್ರಿಗೆ ಬಿಟ್ಟು ಯಾರಿಗೂ ಹೇಳಿಲ್ಲ.

ನನ್ನ ಮದುವಿ ಆದ ಹೊಸದಾಗಿ ನಾವು ಒಂದು ಚಾಳಿನಾಗ ಬಾಡಗಿಗೆ ಇದ್ವಿ. ಯಾವ ಊರು ಅಂತ ಬ್ಯಾಡ. ಎದುರಿನ ಮನಿಗೂ ಹೊಸಾ ಸೊಸಿ ಬಂದಿದ್ಲು. ನನಗಿಂತ ಎರಡು ವರ್ಷ ಸಣ್ಣಾಕಿ, ನೀರು ತುಂಬೂಮುಂದ ಮಾತಾಡ್ತಿದ್ವಿ, ರಂಗೋಲಿ ಛೊಲೋ ಹಾಕ್ತಿದ್ಲು. ಎಂಟು ತಿಂಗಳಿಗೆ ಒಂದಿನಾ ಮಧ್ಯಾಹ್ನ ಚೀರೂದು ಕೇಳ್ತು. ಸ್ಟೋ ಬ್ಲಾಸ್ಟ್ ಆತು ಅಂದ್ರು. ಆಗ ಎಲ್ಲಾರ ಮನ್ಯಾಗೂ ಪಂಪ್ ಹೊಡಿಯೂ ಸ್ಟೋ ಇದ್ವಲ್ಲಾ, ಎಲ್ಲಾರಿಗೂ ಅಂಜಿಕಿ ಇತ್ತು, ಎಲ್ಲಾರೂ ನಂಬಿದ್ವಿ. ಕೌದಿ ಸುತ್ತಿ ದವಾಖಾನಿಗೆ ಒಯ್ದ್ರು.

ಆಕಿ ಅತ್ತಿ ಓಣಿ ಹೆಣ್ಣಮಕ್ಕಳಿಗೆಲ್ಲಾ, “ಮಂದಿ ಬರ್ತಾರ, ನೋಡಲಿಕ್ಕಾಗೂದಿಲ್ಲ, ಒಂದೀಟು ಕೈ ಹಚ್ಚರವಾ” ಅಂದ್ರು. ನಾವು ಐದು ಮಂದಿ ಹೋದ್ವಿ. ಉಪಕಾರ ಮಾಡ್ಲಿಕತ್ತೀವಿ ಅಂತನ ಹೋದ್ವಿ. ಸುಟ್ಟ ಸೀರಿ ಚೂರು, ಬಳಿ ಚೂರು ಬಳದ್ವಿ, ನೆಲಾ ತಿಕ್ಕಿದ್ವಿ, ಗ್ವಾಡಿಗೆ ಹತ್ತಿದ್ದ ಮಸಿ ಒರಸಿದ್ವಿ. ಸ್ಟೋ ನನ್ನ ಕೈಯಾಗ ಬಂತು. ಹುಣಸಿಹಣ್ಣು, ಬೂದಿ ಹಚ್ಚಿ ಬೆಳಗಿದೆ. ಬೆಳಗೂಮುಂದ ನೋಡಿದೆ. ಎಣ್ಣಿ ತುಂಬೂ ಟಾಕಿ ನೆಟ್ಟಗಿತ್ತು. ಬೆಸಿಗಿ ಬಿಟ್ಟಿರಲಿಲ್ಲ, ಬಿರಡಿ ಕೂತಲ್ಲೇ ಕೂತಿತ್ತು, ಬರ್ನರ್ ಡೊಂಕಾಗಿರಲಿಲ್ಲ. ಒಡದಿದ್ದು ಏನೂ ಇರಲಿಲ್ಲ. ನೋಡಿದೆ, ಬೆಳಗಿದೆ, ಕಟ್ಟಿ ಮ್ಯಾಲೆ ಡಬ್ಬ ಹಾಕಿದೆ.

ಪಂಚನಾಮಾಕ್ಕ ಅಂತ ಪೊಲೀಸರು ಬಂದಾಗ ಅಡಗಿಮನಿ ದೀಪಾವಳಿಗೆ ಸಾರಿಸಿಧಂಗ ಇತ್ತು. ನಮ್ಮನ್ನ ಯಾರೂ ಏನೂ ಕೇಳಲಿಲ್ಲ, ಗಂಡಸರನ್ನ ಕೇಳಿ ಬರಕೊಂಡು ಹೋದ್ರು. ಎರಡನೇ ದಿನಾ ಆಕಿ ತೀರಕೊಂಡ್ಲು. ಸ್ಟೋದಿಂದ ಆತು ಅಂತ ಹೇಳಿಕಿ ಕೊಟ್ಟಾಳ ಅಂದ್ರು. ಆಕಿ ತಲಿದಿಂಬಿನ ಹತ್ರ ಅತ್ತಿ ಕೂತಿದ್ರು ಅನ್ನೂದು, ನೋಡಲಿಕ್ಕೆ ಹೋಗಿದ್ದ ನನಗ ಗೊತ್ತು.

ಅಲ್ಲಿ ಏನಾಗಿತ್ತು ನನಗ ಗೊತ್ತಿಲ್ಲ. ಯಾರರೆ ಮಾಡಿದ್ರೋ, ಬ್ಯಾಸತ್ತು ತಾನ ಹಚಗೊಂಡ್ಲೋ, ಸೆರಗಿಗೆ ಉರಿ ತಾಕ್ತೋ. ಸ್ಟೋ ಒಡದಿರಲಿಲ್ಲ ಅನ್ನೂದಷ್ಟ ನನಗ ಗೊತ್ತು. ಅದನ್ನ ತಿಳಕೊಳ್ಳೂ ದಾರಿ ನಾವು ಐದು ಮಂದಿ ಸೇರಿ ತೊಳದ ಬಿಟ್ವಿ.

ಹುಡುಗಿ ಪುಸ್ತಕದಾಗ ಇದಕ್ಕ ಒಂದು ಪಾಠನ ಅದ. ಸೆರಗಿಗೆ ಉರಿ ಹತ್ತಿದ್ರ ಭಾಳ ಸಲ ಮುಂದಿನ ಭಾಗ, ತೊಡಿ, ಹೊಟ್ಟಿ ಹೆಚ್ಚು ಸುಡ್ತದಂತ. ಚಿಮಣಿ ಎಣ್ಣಿ ಮ್ಯಾಲಿಂದ ಬಿದ್ದಿದ್ರ ತಲಿ, ಹೆಗಲಿಂದ ಶುರು ಆಗ್ತದ, ಕೂದಲದಾಗ ವಾಸನಿ ಇರ್ತದ. ಸ್ಟೋದ ಟಾಕಿ, ವಾಶರ್ ನೋಡಬೇಕು, ನೆಲದ ಮ್ಯಾಲೆ ಎಣ್ಣಿ ಎಲ್ಲಿ ಚೆಲ್ಲದ ನೋಡಬೇಕು, ಗ್ವಾಡಿ ಮ್ಯಾಲೆ ಮಸಿ ಎಷ್ಟು ಎತ್ತರಕ್ಕ ಹೋಗೇದ ನೋಡಬೇಕು. ಓದಕೋತ ನಾನು ಒಂದೊಂದಕ್ಕ ಬಟ್ಟು ಮಡಚಿದೆ. ಇದು ನಾನು ತೊಳದದ್ದು. ಇದೂ ನಾನು ತೊಳದದ್ದು. ಬೆಂಗಳೂರಿನ ವಿಮೋಚನಾ ಸಂಘದ ಹೆಣ್ಣಮಕ್ಕಳು ತೊಂಬತ್ತರ ದಶಕದಾಗ ಇಂಥಾ ಸಾವುಗಳ ಹಿಂದ ಬಿದ್ದು, ಸ್ಟೋ ಒಡದು ಸತ್ಲು ಅಂತ ಬರದು ಮುಚ್ಚಿದ ಕೇಸು ಎಷ್ಟವ ಅಂತ ದವಾಖಾನಿ, ಪೊಲೀಸ್ ಠಾಣಾ ಅಡ್ಡ್ಯಾಡಿ ಲೆಕ್ಕಾ ತಗದ್ರಂತ. ಅದ ಹೊತ್ತಿನಾಗ ನಾವು ಬೂದಿ ಹಚ್ಚಿ ಬೆಳಗಲಿಕತ್ತಿದ್ವಿ.

ಆಗೂ ಕಾನೂನು ಇತ್ತು. ಮದುವಿ ಆಗಿ ಏಳು ವರ್ಷದೊಳಗ ಹೆಣ್ಣಮಗಳು ಹಂಗ ಸತ್ರ, ವರದಕ್ಷಿಣಿಗೆ ಕಾಡಿದ್ದು ಸಾಬೀತಾದ್ರ, ಕನಿಷ್ಠ ಏಳು ವರ್ಷ ಶಿಕ್ಷಾ ಅಂತ 1986ರಿಂದನ ಅದ. 2024ರ ಜುಲೈ 1ರಿಂದ ಬಂದ ಹೊಸಾ ಕಾಯ್ದೆಯೊಳಗ ಇನ್ನೊಂದು ಮಾತು ಕೂಡಸ್ಯಾರ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷಾ ಇರೋ ಅಪರಾಧಕ್ಕೆಲ್ಲಾ ವಿಧಿವಿಜ್ಞಾನ ತಜ್ಞರು ಘಟನಾ ಆದ ಜಾಗಾಕ್ಕ ಹೋಗಿ ಪುರಾವಾ ತಗೋಬೇಕು. ಎಲ್ಲಾ ಕಡೆ ಒಮ್ಮೆಲೇ ಅಲ್ಲ, ಐದು ವರ್ಷದೊಳಗ ಹಂತ ಹಂತಲೇ. ಅಂದ್ರ ಅಂಥಾ ಅಡಗಿಮನಿಗೆ ಇನ್ನ ಮ್ಯಾಲೆ ಓದಿದವ್ರು ಒಬ್ರು ಬರಲೇಬೇಕು. ಯಾರು ಬರಬೇಕು? ಒಲಿ ಮುಂದ ಒಂದಿನಾನೂ ನಿಲ್ಲಲಾರದ ಗಂಡ ಹುಡುಗ ಬಂದ್ರ ಅವಗೇನ್ ತಿಳೀತದ, ಬೆಳಗಿದ ಸ್ಟೋ ಯಾವುದು, ದಿನಾ ಬಳಸೂ ಸ್ಟೋ ಯಾವುದು ಅಂತ? ನಡುಮಧ್ಯಾಹ್ನ ನೆಲಾ ಹಸಿ ಯಾಕ ಅದ ಅಂತ ಅಂವಾ ಕೇಳ್ತಾನೇನು? ನಮ್ಮ ಹುಡುಗಿ ಕೇಳ್ತಾಳ. ಬಾಗಲದಾಗ ನಿಂತ ಐದು ಮಂದಿ ಹೆಣ್ಣಮಕ್ಕಳನ್ನ ಒಬ್ಬೊಬ್ಬರನ್ನ ಕರದು, “ಅಕ್ಕಾ, ನೀವು ಏನ್ ನೋಡಿದ್ರಿ?” ಅಂತ ಕೇಳ್ತಾಳ. ಅವತ್ತು ನನ್ನನ್ನ ಯಾರರೆ ಹಂಗ ಕೇಳಿದ್ರ ಹೇಳ್ತಿದ್ದೆನೋ ಇಲ್ಲೋ, ಆಣಿ ಮಾಡಿ ಹೇಳಲಾರೆ. ಆದ್ರ ಕೇಳಬೇಕಾಗಿತ್ತು.

ಗದಗಿನ ಕಾಕು, ನಿಮ್ಮ ಮಾತಿಗೆ ಬರ್ತೀನಿ. ದಿನಾ ತನಿಖಿ ಮಾಡೂ ಸೊಸಿನ್ನ ಯಾವ ಅತ್ತಿ ತುಂಬಿಸ್ಕೋತಾಳ ಅಂದ್ರಿ. ನೀವು ದೊಡ್ಡಾವ್ರು, ನನ್ನ ಬಾಣಂತನದಾಗ ನಲವತ್ತು ದಿನಾ ಎಣ್ಣಿ-ನೀರು ಹಾಕೀರಿ, ನಿಮಗ ಎದುರು ಮಾತಾಡೂದು ನನಗ ಸಂಕಟ. ಆದ್ರೂ ಕೇಳ್ತೀನಿ. ಹೊಸಾ ಸೊಸಿ ಉಪ್ಪು ಎಷ್ಟು ಹಾಕ್ತಾಳ, ಹಾಲು ಯಾರಿಗೆ ಎಷ್ಟು ಕೊಡ್ತಾಳ, ತವರಿಗೆ ಫೋನ್ ಎಷ್ಟೊತ್ತು ಹಚ್ತಾಳ ಅಂತ ತನಿಖಿ ಮಾಡೋರು ನಾವು ಅತ್ತೆಂದಿರು. ನಾವು ಮಾಡಿದ್ರ ಅದು ಸಂಸಾರ, ಆಕಿ ಮಾಡಿದ್ರ ಯಾಕ ಅಂಜಬೇಕು? ಅಂಜೂವಂಥಾದ್ದು ಇಲ್ಲದ ಮನಿಗೆ ಆಕಿನ್ನ ಕೊಡೋಣ. ಅಂಜೂ ಮನಿಯಾಗಿಂದ ಬೀಗರು ಬರಲಾರದ ಹೋದ್ರ ನಮ್ಮ ಹುಡುಗಿಗೆ ನಷ್ಟ ಏನದ?

ನೌಕರಿ ವಿಷಯಾ ಖರೇ ಅದ, ಅದನ್ನ ನಾನು ಮುಚ್ಚಿಡೂದಿಲ್ಲ. ಇಂಜಿನಿಯರಿಂಗಿನ ಗತೆ ಕಂಪನಿಯವ್ರು ಕಾಲೇಜಿಗೆ ಬಂದು ಕರಕೊಂಡು ಹೋಗೂದಿಲ್ಲ. ಸರಕಾರಿ ಲ್ಯಾಬಿನ ಜಾಗಾ ಯಾವಾಗ ತುಂಬ್ತಾರೋ, ಪರೀಕ್ಷಾ ಯಾವಾಗೋ. ಬರೇ ಎಂ.ಎ ಮಾಡಿದ್ರ ಲ್ಯಾಬಿನಾಗ ತಗೋಳ್ಳೂದು ಕಷ್ಟ, ಅದಕ್ಕ ವಿಜ್ಞಾನದ ಡಿಗ್ರಿ ಬೇಕು. ಪುಣ್ಯಾಕ್ಕ ನಮ್ಮಾಕಿದು ಬಿ.ಎಸ್ಸಿ ಅದ. ಹೊಸಾ ಕಾಯ್ದೆಯಿಂದ ಮಂದಿ ಭಾಳ ಬೇಕಾಗ್ತಾರ ಅಂತಾರ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೂ ನಮ್ಮ ಧಾರವಾಡದಾಗನ 2023ರ ಜನವರಿಯೊಳಗ ಅಡಿಗಲ್ಲು ಇಟ್ಟಾರ. ಆದ್ರೂ ಖಾತ್ರಿ ಅಂತ ಯಾರೂ ಬರದು ಕೊಡೂದಿಲ್ಲ. ಬಿ.ಎಡ್ ಮಾಡಿದ ನಮ್ಮ ಎಷ್ಟು ಹುಡುಗ್ಯಾರು ಖಾಲಿ ಕೂತಾರ, ಆಗ ಯಾರೂ “ಏನ್ ಮಾಡ್ತಾಳ ಓದಿ” ಅನ್ನಲಿಲ್ಲ.

ನಮ್ಮ ತಂಗಿ ಮೆತ್ತಗಿನ ಸ್ವಭಾವದಾಕಿ. ನಿಮ್ಮ ಮಾತು ಕೇಳಿ, “ಅಕ್ಕಾ, ಬ್ಯಾಡ ಬಿಡು, ನಾಕು ಮಂದಿ ಹಿಂಗ ಅಂತಾರ” ಅಂತ ಮರುದಿನಾ ಫೋನ್ ಮಾಡಿದ್ಲು. ಆ ನಾಕು ಮಂದಿಯೊಳಗ ನಾನೂ ಒಬ್ಬಾಕಿ ಇದ್ದೆ, ಈಗ ನನ್ನ ಹೆಸರು ಕಡೀಕ ತಗೀರಿ, ಮೂರ ಮಂದಿ ಆದ್ರು ಅಂತ ಹೇಳಿದೆ. ಹುಡುಗಿಗೆ ಸ್ಟೋದ ಮಾತು ಇನ್ನೂ ಹೇಳಿಲ್ಲ. ಇದನ್ನ ಓದೇ ಆಕಿಗೂ ಗೊತ್ತಾಗ್ತದ. ಮೌಶಿ ಹಿಂಗ ಮಾಡಿದ್ಲ ಅಂತ ಏನ್ ತಿಳಕೋತಾಳೋ ತಿಳಕೊಳ್ಳಲಿ.

ಈ ತಿಂಗಳ ಭಿಶಿ ನನಗ ಬಂದದ. ಮಿಕ್ಸರ್ ಬದಲಿ ಮಾಡಬೇಕಂತ ಇಟ್ಟಿದ್ದೆ, ಹಳೇದಕ್ಕ ಬ್ಲೇಡ್ ಹಾಕ್ಸಿದ್ರಾತು. ಪ್ರವೇಶದ ಫೀ, ಹಾಸ್ಟೆಲ್ ಮುಂಗಡ ಎರಡೂ ಅದರಾಗ ಕಟ್ತೀನಿ. ಸೋಮವಾರ ಆಕಿನ್ನ ಕರಕೊಂಡು ಪಾವಟೆ ನಗರಕ್ಕ ಹೊಂಟೀನಿ. ನಿಮ್ಮೊಳಗ ಯಾರದರೆ ಮನ್ಯಾಗ ಹಳೇ ಟ್ರಂಕು ಇದ್ರ ಶನಿವಾರದೊಳಗ ಹೇಳ್ರಿ, ಆಕಿ ಬಟ್ಟಿ ಇಡಲಿಕ್ಕೆ ಬೇಕಾಗೇದ. ಬೀಗ ಗಟ್ಟಿ ಇರಬೇಕು.